ಹೆಣವಾಗಲು ಜನ ಬೇಕಾಗಿದ್ದಾರೆ

ಬಿಲ್ಲೆಯಣ್ಣನ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ಬೀದಿ ನಲ್ಲಿಯ ಹತ್ತಿರ. ಯುದ್ಧ ಶುರುವಾದ ಮೇಲಿನ ಮೊದಲ ಬೇಸಿಗೆ ಅದು. ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು, ಕೊಡಗಳ ಸಾಲು ಬೀದಿಯ ತಿರುವು ದಾಟಿತ್ತು. ನನ್ನ ನಾದಿನಿ, ಅಂದರೆ ನನ್ನ ಗಂಡನ ತಂಗಿ, ಖಾಲಿ ಕೊಡ ಹಿಡಿದುಕೊಂಡು ಓಡೋಡಿ ಬಂದಳು. ಅವಳು ಓಡುವುದೆಂದರೆ ಸಣ್ಣ ಮಾತಲ್ಲ, ಮೈಕೈ ತುಂಬಿಕೊಂಡ ಹೆಂಗಸು.

“ಅತ್ತಿಗೆ, ಪುರಸಭೆಯವರು ಹೆಣವಾಗೋಕೆ ಜನ ಬೇಕು ಅಂತಿದ್ದಾರೆ.”

“ಬಾಂಬು ಬಿದ್ದ ಮೇಲೆ ತಾವಾಗೇ ಸಿಗ್ತಾರೆ. ಈಗಲೇ ಏನವಸರ?” ಎಂದೆ.

“ಸತ್ತ ಹಾಗೆ ಸುಮ್ಮನೆ ಮಲಗೋದಂತೆ, ಅಭ್ಯಾಸಕ್ಕೆ. ಅರ್ಧ ದಿನ ಮಲಗಿದ್ರೆ ಸಕ್ಕರೆ ಕೊಡ್ತಾರೆ. ಮನೇಲಿ ಮಲಗಿದ್ರೆ ನಮ್ಮತ್ತೆ ಕೈಲಿ ಬೈಗುಳ, ಅಲ್ಲಿ ಮಲಗಿದ್ರೆ ಸಕ್ಕರೆ. ನೀವೇ ಹೇಳಿ, ಯಾವುದು ವಾಸಿ?”

“ಯಾರು ಮಲಗಿಸೋದು?”

“ಸ್ಟೇಷನ್ನಿನ ಬಿಲ್ಲೆಯಣ್ಣ. ಸರ್ಕಾರ ಅವರನ್ನ ಹೆಣಗಳ ಮೇಲೆ ದೊಡ್ಡವರನ್ನಾಗಿ ಮಾಡಿದೆ.”

ನಲ್ಲಿಯ ಹತ್ತಿರ ನಿಂತವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ಗಂಡ ರೈಲ್ವೆ ಇಂಜಿನ್ ಶೆಡ್ಡಿನಲ್ಲಿ ಫಿಟ್ಟರು. ನಮ್ಮ ಊರಿಗೆ ವಿಮಾನ ಬಂದರೆ ಮೊದಲು ಹುಡುಕುವುದು ಆ ಶೆಡ್ಡನ್ನೇ ಎಂದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು.

ಸರ್ಕಾರದ ಯೋಜನೆ ಏನೆಂದು ಆ ವಾರದಲ್ಲೇ ಎಲ್ಲರಿಗೂ ತಿಳಿಯಿತು. ಬಾಂಬು ಬಿದ್ದು ಜನ ಸತ್ತರೆ ಲಾರಿಗಳು ಬರುತ್ತವೆ, ಸತ್ತವರನ್ನೆಲ್ಲ ತುಂಬಿಕೊಂಡು ಹೋಗುತ್ತವೆ, ದೂರದ ಬಯಲಿನಲ್ಲಿ ಒಂದೇ ಗುಂಡಿ, ಮೇಲೆ ಸುಣ್ಣ. ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂದು ವಿಚಾರಿಸುವುದಕ್ಕೆ ಹೊತ್ತಿಲ್ಲ, ರೋಗ ಹರಡುತ್ತದೆ ಎಂಬುದು ಅವರ ಮಾತು. ಸುಳ್ಳಲ್ಲ. ಆದರೆ ಯಾವ ಊರಿನವರು ತಮ್ಮ ಸತ್ತವರನ್ನು ತಾವೇ ಅಚ್ಚುಕಟ್ಟಾಗಿ ಅವರವರ ಮನೆಗೆ ಒಪ್ಪಿಸುತ್ತೇವೆ ಎಂದು ಅಭ್ಯಾಸ ಮಾಡಿ ತೋರಿಸುತ್ತಾರೋ, ಆ ಊರಿಗೆ ಲಾರಿ ಬರುವುದಿಲ್ಲ. ತೋರಿಸುವ ಹೊಣೆಯನ್ನು ಪುರಸಭೆ ಬಿಲ್ಲೆಯಣ್ಣನ ಹೆಗಲಿಗೆ ಹಾಕಿತ್ತು.

ಅವರನ್ನೇ ಯಾಕೆ ಎಂದರೆ ಅವರ ಕೆಲಸ ಅಂಥದ್ದು. ಸ್ಟೇಷನ್ನಿನಲ್ಲಿ ಪ್ರಯಾಣಿಕರು ಪೆಟ್ಟಿಗೆ, ಹಾಸಿಗೆ ಸುರುಳಿ ಇಟ್ಟು ಹೋಗುವ ಒಂದು ಸಾಮಾನು ಕೋಣೆ ಇತ್ತು. ಸಾಮಾನಿಗೆ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿ, ಅದೇ ನಂಬರಿನ ಇನ್ನೊಂದು ಬಿಲ್ಲೆಯನ್ನು ಇಟ್ಟವರ ಕೈಗೆ ಕೊಡುತ್ತಿದ್ದರು. ಬಿಲ್ಲೆ ತಂದರೆ ಸಾಮಾನು, ಇಲ್ಲದಿದ್ದರೆ ಮಂತ್ರಿಯೇ ಬಂದರೂ ಇಲ್ಲ. ಒಬ್ಬರ ಗಂಟು ಇನ್ನೊಬ್ಬರಿಗೆ ಹೋಯಿತು ಎಂಬ ಮಾತು ಆ ಕಿಟಕಿಯಲ್ಲಿ ಯಾವತ್ತೂ ಕೇಳಿಬಂದದ್ದಿಲ್ಲ. ಕುಳ್ಳಗಿನ ಮನುಷ್ಯ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು, ನಡೆದರೆ ಜೇಬಿನಿಂದ ಗಲಗಲ ಸದ್ದು. ಮದುವೆಯಿಲ್ಲ, ಮನೆಯಿಲ್ಲ, ಕೋಣೆಯ ಹಿಂದಿನ ಸಣ್ಣ ಜಾಗದಲ್ಲೇ ವಾಸ.

ಅವರು ಆ ಕೆಲಸಕ್ಕೆ ಸೇರಿದ್ದರ ಹಿಂದೆ ಒಂದು ಕಥೆಯಿದೆ. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಚಹಾ ಕುಡಿಯುತ್ತಾ, ಬೇರೆಯವರ ಸುದ್ದಿಯೆಂಬಂತೆ. ಅವರಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಅವರ ತಾಯಿ ಎಲ್ಲಿಗೋ ಹೊರಟಿದ್ದ ರೈಲು ಇನ್ನೊಂದು ರೈಲಿಗೆ ಡಿಕ್ಕಿ ಹೊಡೆಯಿತು. ಇವರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಸತ್ತವರನ್ನೆಲ್ಲ ಒಟ್ಟಿಗೆ ಹೂಳಿಯಾಗಿತ್ತು. ಯಾರೋ ಒಬ್ಬರು ಒಂದು ಮಣ್ಣಿನ ದಿಬ್ಬವನ್ನು ತೋರಿಸಿ, “ಇಲ್ಲೇ ಎಲ್ಲೋ” ಎಂದರಂತೆ. ತಿಂಗಳ ಮೇಲೆ ತಾಯಿ ಒಯ್ದಿದ್ದ ಬುಟ್ಟಿ ಪಾರ್ಸಲ್ಲಿನಲ್ಲಿ ಮನೆಗೆ ಬಂತು. ಒಳಗಿನ ಒಂದು ಸೂಜಿಯೂ ಕಳೆದಿರಲಿಲ್ಲ.

“ಬುಟ್ಟಿಗೆ ಚೀಟಿ ಕಟ್ಟಿದ್ರು, ಬುಟ್ಟಿ ಬಂತು. ಅಮ್ಮನಿಗೆ ಯಾರೂ ಕಟ್ಟಲಿಲ್ಲ,” ಎಂದು ಹೇಳಿ ಚಹಾ ಲೋಟವನ್ನು ಕೆಳಗಿಟ್ಟರು.

ಮೊದಲ ಅಭ್ಯಾಸ ನಡೆದದ್ದು ಹಳೇ ಮಾರುಕಟ್ಟೆಯಲ್ಲಿ. ಯುದ್ಧ ಬಂದ ಮೇಲೆ ಅದನ್ನು ಮುಚ್ಚಿದ್ದರು. ಕಲ್ಲುಕಟ್ಟೆಗಳು ಸಾಲಾಗಿದ್ದವು, ನೆಲ ಇಳಿಜಾರು, ಅಲ್ಲಲ್ಲಿ ನಲ್ಲಿ, ಮೋರಿ. ಹೆಣ ಮಲಗಿಸಲು ಹೇಳಿ ಮಾಡಿಸಿದ ಹಾಗಿತ್ತು. ಇಡೀ ಊರು ಜಾತ್ರೆಗೆ ಬಂದ ಹಾಗೆ ಬಂದಿತ್ತು. ನಾದಿನಿ ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೆಣವಾಗಲು ಬಂದಳು. ನಮ್ಮವರಿಗೂ ಶೆಡ್ಡಿನಲ್ಲಿ ರಜೆ ಕೊಟ್ಟು ಕಳಿಸಿದ್ದರು.

“ನನ್ನ ಹೆಣ ನೋಡೋಕೆ ಸರ್ಕಾರಕ್ಕೆ ಎಷ್ಟು ಆತುರ ನೋಡು,” ಎಂದು ನಗುತ್ತಲೇ ಹೋಗಿ ಮಲಗಿದರು.

ನಾನು ಸತ್ತವರನ್ನು ಹುಡುಕಿಕೊಂಡು ಬರುವವರ ಸಾಲಿನಲ್ಲಿದ್ದೆ. ಹಗಲು ಹೊತ್ತಾದ್ದರಿಂದ ಸಾಲಿನಲ್ಲಿದ್ದವರೆಲ್ಲ ಹೆಂಗಸರು. ಮೇಲಿನ ಆಫೀಸಿನಿಂದ ಒಬ್ಬ ಇನ್ಸ್‌ಪೆಕ್ಟರು ನೋಡಲು ಬಂದಿದ್ದರು. ಸಣಕಲು ಆಳು, ಕೈಯಲ್ಲಿ ಕೊಡೆ, ಬಾಯಿಗೆ ಬೀಗ. ಸುಮ್ಮನೆ ಒಂದು ಕಂಬಕ್ಕೆ ಒರಗಿ ನಿಂತರು.

ನನ್ನ ಸರದಿ ಮೊದಲನೆಯದು. ಬಿಲ್ಲೆಯಣ್ಣ ಮೇಜಿನ ಹಿಂದೆ ಕೂತಿದ್ದರು.

“ಇಂಜಿನ್ ಶೆಡ್ಡಿನ ಫಿಟ್ಟರು. ನನ್ನ ಗಂಡ,” ಎಂದೆ.

ಬಿಲ್ಲೆಯಣ್ಣ ಕೈ ಚಾಚಿದರು. “ಬಿಲ್ಲೆ?”

“ಯಾವ ಬಿಲ್ಲೆ?”

“ಇಟ್ಟು ಹೋದಾಗ ಕೊಟ್ಟಿದ್ದು.”

“ಅಣ್ಣಾ, ನನ್ನ ಗಂಡನ್ನ ನಾನು ಇಟ್ಟು ಹೋಗಿದ್ದೆನಾ?”

ನನ್ನ ಹಿಂದಿನವರು ಘೊಳ್ಳೆಂದರು. ಕಟ್ಟೆಯ ಮೇಲಿದ್ದ ಹೆಣಗಳೂ ಹೊಟ್ಟೆ ಹಿಡಿದುಕೊಂಡವು. ಬಿಲ್ಲೆಯಣ್ಣನ ಕೈ ಚಾಚಿದಲ್ಲೇ ಉಳಿಯಿತು. ಆಗಿದ್ದೇನೆಂದರೆ, ಅವರು ಒಂದು ಬಿಲ್ಲೆಯನ್ನು ಹೆಣದ ಕೈಗೆ ಕಟ್ಟಿ, ಜೋಡಿ ಬಿಲ್ಲೆಯನ್ನು ತಮ್ಮ ಕೋಣೆಯ ನಿಯಮದಂತೆ ತಂದು ಇಟ್ಟವರ ಕೈಗೆ ಕೊಟ್ಟಿದ್ದರು. ತಂದು ಇಟ್ಟವರು ಯಾರು? ಹೆಣಗಳನ್ನು ಡೋಲಿಯಲ್ಲಿ ಹೊತ್ತು ತಂದ ಆಳುಗಳು. ಅವರು ಊರಿನ ಸತ್ತವರ ಬಿಲ್ಲೆಗಳನ್ನೆಲ್ಲ ಜೇಬಿಗೆ ಹಾಕಿಕೊಂಡು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು.

ಆಮೇಲೆ ಎಲ್ಲ ಅಸ್ತವ್ಯಸ್ತ. ಹೆಂಗಸರು ಒಳಗೆ ನುಗ್ಗಿದರು, ಮುಖದ ಬಟ್ಟೆ ಎತ್ತಿ ಎತ್ತಿ ನೋಡಿದರು. ಯಾರೋ ನಾದಿನಿಯ ಕಾಲು ಹಿಡಿದು ಎಳೆದರು, ಅವಳು “ನಾನು ನಿಮ್ಮ ಕಡೆಯವಳಲ್ಲ” ಎಂದು ಮಲಗಿದಲ್ಲಿಂದಲೇ ಕೂಗಿದಳು. ಇನ್ಸ್‌ಪೆಕ್ಟರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು.

“ಲಾರಿಯೇ ಸರಿ,” ಎಂದರು.

ಬಿಲ್ಲೆಯಣ್ಣ ಓಡಿಹೋಗಿ ಅವರ ದಾರಿಗೆ ಅಡ್ಡ ನಿಂತರು. “ಇನ್ನೊಂದು ಸಲ ನೋಡಿ ಸಾರ್. ಮುಂದಿನ ವಾರ.”

ಇನ್ಸ್‌ಪೆಕ್ಟರು ಅವರ ಮುಖವನ್ನು ನೋಡಿದರು, ಆಮೇಲೆ ಜೇಬಿನಿಂದ ಇಣುಕುತ್ತಿದ್ದ ಹಿತ್ತಾಳೆ ಬಿಲ್ಲೆಗಳನ್ನು. “ಮುಂದಿನ ವಾರ. ಅದೇ ಕೊನೆ.”

ಮಾರನೇ ಬೆಳಿಗ್ಗೆಯೇ ಬಿಲ್ಲೆಯಣ್ಣ ನಮ್ಮ ಮನೆಯ ಬಾಗಿಲಲ್ಲಿ. ಮುಖ ಬಾಡಿತ್ತು, ಕಣ್ಣು ಮಾತ್ರ ಚುರುಕಾಗಿತ್ತು.

“ತಂಗಿ, ನಿನ್ನೆ ನೀನು ಕೇಳಿದ್ದು ಸರಿ. ಬಿಲ್ಲೆ ಇಲ್ಲದೆ ನಿನ್ನ ಯಜಮಾನರನ್ನ ಹೇಗೆ ಗುರುತು ಹಿಡೀತೀಯ?”

“ಮುಖ ನೋಡಿ.”

“ಮುಖ ಇಲ್ಲದಿದ್ರೆ?”

ನಾನು ಮಸಿಯಾದ ಪಾತ್ರೆ ತಿಕ್ಕುತ್ತಿದ್ದೆ. ಕೈ ನಿಂತಿತು. ನಮ್ಮವರು ಒಳಗಿನಿಂದ, “ಬೆಳಗಾಗೆದ್ದು ಶುಭ ಮಾತು,” ಎಂದರು.

“ಅಂಗಿ ನೋಡಿ ಹಿಡೀತೀನಿ,” ಎಂದೆ. “ಇವರ ಅಂಗಿಯಲ್ಲಿ ನಾನು ತೇಪೆ ಹಾಕದ ಜಾಗ ಇಲ್ಲ. ನಾನು ಹಾಕಿದ ಹೊಲಿಗೆ ನನಗೆ ಗೊತ್ತಾಗೋದಿಲ್ವಾ?”

“ಎಲ್ಲ ಹೊಲಿಗೆಯೂ ಒಂದೇ ಥರ,” ಎಂದರು ನಮ್ಮವರು.

ಅಷ್ಟು ಹೇಳಿದ್ದೇ ತಪ್ಪಾಯಿತು ಅವರಿಗೆ. ಬಿಲ್ಲೆಯಣ್ಣ ಅವರನ್ನೇ ಶೆಡ್ಡಿಗೆ ಅಟ್ಟಿ, ಜೊತೆ ಕೆಲಸದವರ ಕೊಳೆ ಅಂಗಿಗಳನ್ನು ಒಂದು ಗಂಟು ಕಟ್ಟಿ ತರಿಸಿದರು. ಎಲ್ಲವೂ ಒಂದೇ ನೀಲಿ, ಒಂದೇ ಗ್ರೀಸಿನ ವಾಸನೆ. ನನ್ನ ಕಣ್ಣಿಗೆ ಒಗೆಯುವ ಬಟ್ಟೆಯೊಂದನ್ನು ಕಟ್ಟಿದರು. ಅಕ್ಕಪಕ್ಕದವರು ಬಾಗಿಲಿಗೆ ಬಂದು ಮುತ್ತಿಕೊಂಡರು. ನಾನು ಒಂದೊಂದೇ ಅಂಗಿಯ ಮೇಲೆ ಕೈಯಾಡಿಸಿದೆ. ಒಂದರ ಮೊಣಕೈ ಹತ್ತಿರ ಹೊಲಿಗೆ ಗಂಟು ಕಟ್ಟಿತ್ತು. ಆವತ್ತು ದೀಪಕ್ಕೆ ಎಣ್ಣೆ ಸಾಲದೆ ಮಬ್ಬಿನಲ್ಲಿ ಹೊಲಿದದ್ದು. “ಇದು,” ಎಂದೆ.

ನಮ್ಮವರು ಕೊರಳ ಪಟ್ಟಿ ತಿರುಗಿಸಿ ತಮ್ಮ ಗುರುತು ನೋಡಿದರು, ಅಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. ಬಾಗಿಲಲ್ಲಿದ್ದ ಹೆಂಗಸರು ತಾವೂ ತಾವೂ ಎಂದು ಒಳಗೆ ಬಂದರು. ಒಬ್ಬಳು ಬಟನ್ ದಾರದ ಬಣ್ಣ ಹೇಳಿದಳು, ಇನ್ನೊಬ್ಬಳು ಜೇಬಿನ ತೂತನ್ನು. ಬಿಲ್ಲೆಯಣ್ಣ ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದರು, ಬರೆಯಲು ಏನೂ ಸಿಗದೆ ನಮ್ಮ ಗೋಡೆಯ ಮೇಲೇ ಬರೆದರು. ಆ ಗೋಡೆಗೆ ಸುಣ್ಣ ಹೊಡೆಯಲು ನಾನು ಬಹಳ ದಿನ ಬಿಡಲಿಲ್ಲ.

ಎರಡನೇ ಅಭ್ಯಾಸದ ದಿನ ಮಾರುಕಟ್ಟೆಯ ರೂಪವೇ ಬೇರೆ. ಇನ್ಸ್‌ಪೆಕ್ಟರು ಒಮ್ಮೆ ಸುತ್ತ ಕಣ್ಣಾಡಿಸಿ, ಚಹಾ ಕುಡಿದು ಬರುತ್ತೇನೆಂದು ಹೋದರು. ಹೊರಗೆ ಬೆಂಚು, ಕುಡಿಯಲು ನೀರು. ಬಾಗಿಲಲ್ಲಿ ಒಂದು ಕುರ್ಚಿ, ಅದರಲ್ಲಿ ಬಿಲ್ಲೆಯಣ್ಣ. ಈಗ ಜೋಡಿ ಬಿಲ್ಲೆಯಲ್ಲಿ ಒಂದು ಹೆಣದ ಕೈಗೆ, ಇನ್ನೊಂದು ಆ ಹೆಣದ ಜೇಬಿನದ್ದು, ಮೈಮೇಲಿನದ್ದು ಸೇರಿಸಿ ಕಟ್ಟಿದ ಗಂಟಿಗೆ. ಗಂಟುಗಳು ಕಪಾಟಿನಲ್ಲಿ. ಬಂದವರನ್ನು ಒಳಗೆ ಬಿಡುವುದಿಲ್ಲ. ಕೂರಿಸುತ್ತಾರೆ, ಕೇಳುತ್ತಾರೆ, ಅವರು ಹೇಳಿದ್ದಕ್ಕೆ ಹೊಂದುವ ಗಂಟನ್ನು ತಂದು ಮಡಿಲಿಗೆ ಇಡುತ್ತಾರೆ. ಅವರು ಹೌದೆಂದರೆ ಒಬ್ಬರನ್ನು, ಆ ಒಬ್ಬರನ್ನೇ, ಮುಖ ತೊಳೆದು ಪಕ್ಕದ ಕೋಣೆಗೆ ತರುತ್ತಾರೆ.

ನಾದಿನಿಗೆ ಈರುಳ್ಳಿ ಕಟ್ಟೆ ಸಿಕ್ಕಿತ್ತು. “ಇಲ್ಲಿ ಮಲಗಿದ್ರೆ ಸತ್ತವಳ ಕಣ್ಣಲ್ಲೂ ನೀರು ಬರುತ್ತೆ,” ಎಂದು ಗೊಣಗಿದಳು. ಅವಳ ಅತ್ತೆ ಬಾಗಿಲಿಗೆ ಬಂದು, “ನಮ್ಮ ಸೊಸೆ. ಬಳೆಯಲ್ಲಿ ಒಂದು ಬಿರುಕು ಬಿಟ್ಟಿದೆ, ಹೇಳಿದರೂ ತೆಗೆಯೋದಿಲ್ಲ. ಸೆರಗಿಗೆ ಪಿನ್ನು, ಹೊಲಿಯೋಕೆ ಸೋಮಾರಿತನ,” ಎಂದು ಶುರು ಮಾಡಿದರು. ಬಿಲ್ಲೆಯಣ್ಣ ಸಾಕು ಎಂದರೂ ನಿಲ್ಲಿಸಲಿಲ್ಲ. ಒಳಗಿನಿಂದ ಹೆಣ ಕೂಗಿತು: “ಸತ್ತ ಮೇಲೂ ಬಿಡಲ್ವಾ ಅತ್ತೆ?”

ನನ್ನ ಸರದಿ ಬಂತು. ಗಂಟನ್ನು ತಂದು ಮಡಿಲಿಗಿಟ್ಟರು. ನಾನೇ ತೇಪೆ ಹಾಕಿದ ಅಂಗಿ, ನಾನೇ ಕೊಟ್ಟ ಕರವಸ್ತ್ರ. ಅದು ಆಟವೆಂದು ಗೊತ್ತಿತ್ತು, ನಮ್ಮವರು ಗೋಡೆಯಾಚೆ ಕೆಮ್ಮುವುದೂ ಕೇಳುತ್ತಿತ್ತು. ಆದರೂ ನನ್ನ ಬೆರಳು ಆ ಗಂಟನ್ನು ಬಿಡಲಿಲ್ಲ. ಬಿಲ್ಲೆಯಣ್ಣ ಅವಸರ ಮಾಡಲಿಲ್ಲ, ಹಿಂದಿನವರಿಗೂ ಮಾಡಗೊಡಲಿಲ್ಲ. ಬಾಂಬಿನ ಭಯ ಹೋಯಿತು ಅನ್ನಲಾರೆ. ಲಾರಿಯ ಭಯ ಮಾತ್ರ ಆ ಕ್ಷಣ ಹೋಯಿತು.

ಒಬ್ಬೊಬ್ಬರಾಗಿ ಹೆಣಗಳು ಎದ್ದು, ಸಕ್ಕರೆ ಪೊಟ್ಟಣ ತೆಗೆದುಕೊಂಡು, ತಮ್ಮ ತಮ್ಮ ಮನೆಯವರ ಜೊತೆ ನಿಂತವು. ಎಲ್ಲ ಸರಿಯಾಗಿ ಮುಗಿಯಿತು ಎಂದು ನಾವು ಕೈ ತಟ್ಟುವಷ್ಟರಲ್ಲಿ ಬಿಲ್ಲೆಯಣ್ಣ ಕಪಾಟಿನ ಮುಂದೆ ನಿಂತುಬಿಟ್ಟರು. ಒಂದು ಗಂಟು ಉಳಿದಿತ್ತು. ಬಿಚ್ಚಿದರೆ ಒಳಗೆ ಏನೂ ಇಲ್ಲ, ಜೇಬು ಖಾಲಿಯಿದ್ದವನ ನಂಬರು ಮಾತ್ರ. ಮಾರುಕಟ್ಟೆಯ ತುದಿಯಲ್ಲಿ, ಮೊಟ್ಟೆ ಮಾರುವ ಕಟ್ಟೆಯ ಮೇಲೆ ಒಬ್ಬ ಮಲಗಿಯೇ ಇದ್ದ. ಮೈಮೇಲೆ ಶೆಡ್ಡಿನ ನೀಲಿ ಬಟ್ಟೆ, ಮುಖದ ಮೇಲೆ ಟವೆಲು.

ಪುರಸಭೆಯ ಜವಾನ, “ಮುಗೀತಪ್ಪ, ಎದ್ದೇಳು,” ಎಂದು ಭುಜ ಮುಟ್ಟಲು ಹೋದ.

“ಮುಟ್ಟಬೇಡ,” ಎಂದರು ಬಿಲ್ಲೆಯಣ್ಣ. “ಬಾಂಬು ಬಿದ್ದ ದಿನ ಹೀಗೇ ಎಬ್ಬಿಸ್ತೀಯಾ?”

ಸಾಮಾನು ಕೋಣೆಯಲ್ಲಿ ಯಾರೂ ಕೇಳಿ ಬಾರದ ಪೆಟ್ಟಿಗೆಯನ್ನು ಹರಾಜು ಹಾಕುತ್ತಿದ್ದರು. ಮನುಷ್ಯನನ್ನು ಏನು ಮಾಡುವುದೆಂದು ಬಿಲ್ಲೆಯಣ್ಣ ಯೋಚಿಸಿಯೇ ಇರಲಿಲ್ಲ. ಲಾರಿಗೆ ಕೊಡುವುದೇ ಆದರೆ ಇಷ್ಟೆಲ್ಲ ಯಾಕೆ ಮಾಡಿದೆವು? ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು. ನನ್ನ ಕಡೆ ತಿರುಗಿದರು.

“ತಂಗಿ, ಸ್ವಲ್ಪ ನೋಡು. ಏನಾದ್ರೂ ಹೇಳೋಕಾಗುತ್ತಾ?”

ನಾನು ಹತ್ತಿರ ಹೋದೆ. ಬಟ್ಟೆಯಲ್ಲಿ ಯಾರ ಕೈಯ ಗುರುತೂ ಇರಲಿಲ್ಲ, ಶೆಡ್ಡಿನ ಉಗ್ರಾಣದ ಹೊಸ ಬಟ್ಟೆ. ಕಾಲಿಗೆ ಮಾತ್ರ ಹಳೇ ಕಾಲುಚೀಲ, ಹಿಮ್ಮಡಿಯ ತೂತನ್ನು ಬಲೆಯ ಹಾಗೆ ಒಪ್ಪವಾಗಿ ಹೊಲಿದು ಮುಚ್ಚಿದ್ದರು. ನನಗೆ ಹುರುಪು ಬಂತು.

“ಇವರಿಗೆ ಹೆಂಡತಿ ಇದ್ದಾಳೆ ಅಣ್ಣಾ. ಪ್ರೀತಿಯ ಹೆಂಡತಿ. ಇಷ್ಟು ನಾಜೂಕಾಗಿ ಬೇರೆ ಯಾರು ಹೊಲೀತಾರೆ? ಪಾಪ, ಅವಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಷ್ಟೇ.”

ಹೆಣ ಟವೆಲು ತೆಗೆದು ಎದ್ದು ಕೂತಿತು. ಇನ್ಸ್‌ಪೆಕ್ಟರು.

“ಹೆಂಡತಿ ಇಲ್ಲಮ್ಮ,” ಎಂದರು. “ನಾನೇ ಹೊಲಿದುಕೊಂಡಿದ್ದು.”

ಚಹಾ ಕುಡಿದು ಬರುತ್ತೇನೆಂದು ಹೋದವರು ಬಟ್ಟೆ ಬದಲಿಸಿಕೊಂಡು ಬಂದು, ಯಾರಿಗೂ ತಿಳಿಯದ ಹಾಗೆ ಮಲಗಿದ್ದರು. ನಾನು ನಾಚಿ ನಾದಿನಿಯ ಬೆನ್ನ ಹಿಂದೆ ಸರಿದೆ. ಸುತ್ತ ನಗು ಎದ್ದಿತು, ಇನ್ಸ್‌ಪೆಕ್ಟರೂ ನಕ್ಕರು. ಬಿಲ್ಲೆಯಣ್ಣ ಒಬ್ಬರೇ ನಗಲಿಲ್ಲ. ಹೋಗಿ ಇನ್ಸ್‌ಪೆಕ್ಟರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತರು.

“ಹಾಗಾದ್ರೆ ನಿಮ್ಮನ್ನ ಯಾರಿಗೆ ಒಪ್ಪಿಸಬೇಕು ಸಾರ್?”

“ತಂದೆ ತಾಯಿ ಇಲ್ಲ. ಅಣ್ಣತಮ್ಮಂದಿರಿಲ್ಲ. ಅದಕ್ಕೇ ಮಲಗಿದ್ದು. ನನ್ನಂಥವರಿಗೆ ನಿಮ್ಮ ಯೋಜನೆಯಲ್ಲಿ ಜಾಗ ಇದೆಯಾ ನೋಡೋಣ ಅಂತ.”

“ಯಾರೂ ಇಲ್ವಾ? ಒಂದು ದಿನ ನೀವು ಕಾಣದಿದ್ರೆ ಎಲ್ಲಿ ಹೋದ ಅಂತ ಕೇಳೋರು ಒಬ್ಬರೂ ಇಲ್ವಾ?”

ಇನ್ಸ್‌ಪೆಕ್ಟರು ಕಾಲುಚೀಲ ಎಳೆದುಕೊಳ್ಳುತ್ತಾ ಯೋಚಿಸಿದರು. ಅಷ್ಟು ಹೊತ್ತು ಯೋಚಿಸಿದ್ದನ್ನು ಕಂಡು ನಮ್ಮ ನಗು ಅಡಗಿತು.

“ನಾನು ಊಟ ಮಾಡುವ ಹೋಟೆಲಿನ ಅಡಿಗೆಯವನು,” ಎಂದರು ಕೊನೆಗೆ. “ಒಂದು ದಿನ ಹೋಗದಿದ್ದರೆ ಬೇರೆ ಕಡೆ ತಿಂದಿದ್ದಾನೆ ಅಂತ ಬೈತಾನೆ. ಎರಡನೇ ದಿನವೂ ಬೈತಾನೆ. ಮೂರನೇ ದಿನ ಹುಡುಕಿಕೊಂಡು ಬರ್ತಾನೆ. ಅವನು ಬರ್ತಾನೆ.”

“ಹಾಗಾದ್ರೆ ಮೂರನೇ ದಿನದ ತನಕ ಇಡ್ತೀವಿ,” ಎಂದರು ಬಿಲ್ಲೆಯಣ್ಣ.

“ಈ ಸೆಕೆಯಲ್ಲಿ?”

“ಮೀನಿಗೆ ಐಸು ಹಾಕಿ ಇಡ್ತಿದ್ದ ಕೋಣೆ ಹಿಂದೆ ಇದೆ ಸಾರ್. ತಂಪು ಹೋಗದ ಹಾಗೆ ಗೋಡೆಗೆ ಹೊಟ್ಟು ತುಂಬಿದ್ದಾರೆ. ಐಸಿನ ಕಾರ್ಖಾನೆ ಸ್ಟೇಷನ್ನಿನ ಪಕ್ಕ. ಮೂರು ದಿನ ಕಳೆದ ಮೇಲೂ ಯಾರೂ ಬರದಿದ್ರೆ ನಾನೇ ಜೊತೆಗೆ ಹೋಗಿ ಮಣ್ಣು ಮಾಡಿ, ಬಿಲ್ಲೆ ನಂಬರನ್ನ ಕಲ್ಲಿನ ಮೇಲೆ ಕೊರೆಸ್ತೀನಿ. ನಾಲ್ಕನೇ ದಿನ ಬಂದವರಿಗೆ ‘ಇಲ್ಲೇ ಎಲ್ಲೋ’ ಅಂತ ಹೇಳೋದಿಲ್ಲ.”

ಇನ್ಸ್‌ಪೆಕ್ಟರು ಬರೀ ಕಾಲುಚೀಲದಲ್ಲೇ ಎದ್ದು ಹೋಗಿ ಆ ಕೋಣೆಯ ಬಾಗಿಲು ತೆಗೆಸಿ ನೋಡಿದರು. ಹೊರಗೆ ಬಂದವರೇ ಬಿಲ್ಲೆಯಣ್ಣನ ಮುಂದೆ ಮಣಿಕಟ್ಟು ಚಾಚಿದರು, ಬಿಲ್ಲೆ ಬಿಚ್ಚಿಸಿಕೊಳ್ಳಲು.

“ಈ ಊರಿಗೆ ಲಾರಿ ಬರೋದಿಲ್ಲ,” ಎಂದರು.

ಆವತ್ತಿನ ಗದ್ದಲ ಹೇಗಿತ್ತೆಂದರೆ, ಯುದ್ಧವನ್ನೇ ಗೆದ್ದವರಂತೆ ಬೀದಿ ತುಂಬ ಜನ. ನಾದಿನಿ ತನ್ನ ಪಾಲಿನ ಸಕ್ಕರೆಯನ್ನೆಲ್ಲ ಎದುರಂಗಡಿಯವನಿಗೆ ಕೊಟ್ಟು ಬಂದವರಿಗೆಲ್ಲ ಚಹಾ ಮಾಡಿಸಿದಳು. ಬಿಲ್ಲೆಯಣ್ಣ ಒಂದೇ ಸಮನೆ ಜೇಬಿನ ಬಿಲ್ಲೆಗಳನ್ನು ಗಲಗಲ ಅನ್ನಿಸುತ್ತಿದ್ದರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ಕಾಣಲಿಲ್ಲ.

ನಮ್ಮ ಊರಿಗೆ ಇಡೀ ಯುದ್ಧದಲ್ಲಿ ಬಿದ್ದದ್ದು ಒಂದೇ ಬಾಂಬು, ಅದೂ ಊರಾಚೆಯ ಕೆರೆಗೆ. ರಾಶಿ ರಾಶಿ ಮೀನು ಸತ್ತು ತೇಲಿದವು. “ಅವಕ್ಕೆ ಬಿಲ್ಲೆ ಕಟ್ಟಿಲ್ವಾ ಅಣ್ಣಾ? ಐಸು ಹೇಗೂ ಇದೆ,” ಎಂದು ನಾದಿನಿ ಕಿಚಾಯಿಸಿದಳು. ಆದರೆ ಗಡಿಯ ಕಡೆ ಊರುಗಳಲ್ಲಿ ದಿನ ಬಿಟ್ಟು ದಿನ ಬೀಳುತ್ತಿತ್ತು. ಇನ್ಸ್‌ಪೆಕ್ಟರಿಂದ ಕರೆ ಬಂತು: ಅಲ್ಲಿ ಲಾರಿಗಳು ಓಡಾಡುತ್ತಿವೆ, ತಕ್ಷಣ ಬನ್ನಿ.

ಆಮೇಲಿನದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಹೋದ ಊರಿನ ರೇವಿನ ಗೋದಾಮಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಲ್ಲಿ ಲಾರಿ ನಿಂತಿತು. ಯುದ್ಧ ಮುಗಿದ ಮೇಲೂ ಅಲ್ಲಿನವರು ಅವರನ್ನು ಬಿಟ್ಟುಕೊಡಲಿಲ್ಲ. ತಲೆ ನರೆತ ಮೇಲೆ ಅಲ್ಲೇ ಒಬ್ಬಳನ್ನು ಮದುವೆಯಾದರು, ಅಲ್ಲೇ ವಯಸ್ಸಾಗಿ ತೀರಿಕೊಂಡರು. ಊರಿಗೆ ಊರೇ ಹೆಗಲು ಕೊಟ್ಟಿತು ಎಂದು ಆ ಕಡೆಯಿಂದ ಬಂದ ಡ್ರೈವರೊಬ್ಬ ನಮ್ಮವರ ಹತ್ತಿರ ಹೇಳಿದನಂತೆ. ನಾನು ಅವರನ್ನು ಕಡೆಯದಾಗಿ ಕಂಡದ್ದು ಅವರು ಹೊರಟ ದಿನ, ಪ್ಲಾಟ್‌ಫಾರ್ಮಿನಲ್ಲಿ.

ನಾನೂ ನಮ್ಮವರೂ ಕಳಿಸಲು ಹೋಗಿದ್ದೆವು. ಮಾರುಕಟ್ಟೆಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ತಿಂಗಳಿಗೊಂದು ಸಲ ಊರವರನ್ನು ತಪ್ಪದೆ ಮಲಗಿಸಬೇಕೆಂದು ಹೇಳಿ ರೈಲು ಹತ್ತಿದರು. ಸೀಟಿ ಊದಿತು. ಆಗ ತಟ್ಟನೆ ಏನೋ ನೆನಪಾದವರಂತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರು.

“ತಂಗಿ, ನಮ್ಮ ಅಭ್ಯಾಸಕ್ಕೆ ಬಾಗಿಲಿಗೆ ಬಂದವರೆಲ್ಲ ಹೆಂಗಸರೇ. ಗಂಡಸರು ಹುಡುಕಿಕೊಂಡು ಬಂದ್ರೆ ಏನು ಹೇಳ್ತಾರೆ ಅಂತ ನಮಗೆ ಗೊತ್ತೇ ಇಲ್ಲ. ಬಾಂಬು ಹೆಂಗಸರನ್ನ ಬಿಟ್ಟು ಬೀಳುತ್ತಾ? ನಾವು ಅದನ್ನ ನೋಡಲೇ ಇಲ್ಲ.”

ರೈಲು ಕದಲಿತು. ನಾನು ಜೊತೆಯಲ್ಲೇ ಹೆಜ್ಜೆ ಹಾಕಿದೆ. ನನ್ನ ಪಕ್ಕದಲ್ಲಿ ನಮ್ಮವರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು, ಆಮೇಲೆ ಇನ್ನೊಂದು ಸಲ.

“ಮುಂದಿನ ತಿಂಗಳು ನೀನು ಮಲಗು,” ಎಂದು ಬಿಲ್ಲೆಯಣ್ಣ ಇಂಜಿನ್ನಿನ ಸದ್ದಿಗೂ ಮೇಲೆ ಕೂಗಿದರು. “ನಿನ್ನ ಯಜಮಾನರು ಬಾಗಿಲಿಗೆ ಬರಲಿ. ಬೆಳಿಗ್ಗೆ ನೀನು ಏನು ಉಟ್ಟಿದ್ದೆ, ಕಿವಿಗೆ ಏನು ಹಾಕಿದ್ದೆ, ಕೈ ಮೇಲೆ ಸುಟ್ಟ ಕಲೆ ಎಲ್ಲಿದೆ, ಎಲ್ಲ ಕೇಳು ಅಂತ ಕುರ್ಚಿಯಲ್ಲಿ ಕೂತವರಿಗೆ ಹೇಳಿರು. ಅವರು ಏನೇ ಹೇಳಲಿ, ನಗಬೇಡ, ಕಣ್ಣು ಬಿಡಬೇಡ, ಸುಮ್ಮನೆ ಕೇಳಿಸ್ಕೊ. ಕೇಳಿಸ್ಕೊಂಡು, ಗಂಡಸರಿಗೆ ಏನೇನು ಕಲಿಸಬೇಕು ಅಂತ ನನಗೆ ಬರೆಸಿ ಕಳಿಸ್ತೀಯಾ?”